ಕಡಲು ನಡೆಯಲು ಕಲಿತದ್ದು

ಭೂಮಿ ಆಗಿನ್ನೂ ಹೊಸದು. ಗುಡ್ಡಗಳ ಮೈಯ ಹಸಿ ಆರಿರಲಿಲ್ಲ. ತೊರೆಗಳು ತಮ್ಮ ದಾರಿ ಹುಡುಕುತ್ತಿದ್ದವು. ಕಡಲು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಇದ್ದಲ್ಲೇ ಕೂತು, ಇದ್ದಲ್ಲೇ ಮೈ ಕುಲುಕಿಸುತ್ತಿತ್ತು.

ಗುಡ್ಡ ನೀರಿಗಿಳಿಯುವ ಕಡೆ ಒಂದು ಸಣ್ಣ ಊರು. ಅಲ್ಲಿ ಮಂಕಾಳಿ ಎಂಬವಳಿದ್ದಳು. ಅವಳ ತಂಗಿ ಸೋಮಿ ಜ್ವರದಲ್ಲಿ ತೀರಿಕೊಂಡಳು. ಸೋಮಿ ದಿನಾ ಸಂಜೆ ನಡೆದು ಹೋಗಿ ಕೂರುತ್ತಿದ್ದದ್ದು ಕಡಲಿಗೆ ಚಾಚಿದ ಗುಡ್ಡದ ಮೂತಿಯಲ್ಲಿ. ಅಲ್ಲೇ ಅವಳನ್ನು ಮಣ್ಣು ಮಾಡಿ, ತಲೆಯ ಕಡೆ ಒಂದು ಸುರಹೊನ್ನೆ ಸಸಿ ನೆಟ್ಟರು.

ಸಸಿ ಬೇರು ಹಿಡಿಯುವವರೆಗೆ ಮನೆಯವರೇ ಸಿಹಿನೀರು ಎರೆಯಬೇಕು. ಸಸಿ ಒಣಗಿದರೆ, ಹೋದವರ ಹೆಸರನ್ನು ಊರಿನಲ್ಲಿ ಮತ್ತೆ ಯಾರೂ ಹೇಳುವಂತಿಲ್ಲ. ಅದು ಆ ಊರಿನ ಕಟ್ಟಳೆ. ಸೋಮಿಯ ಮನೆಯಲ್ಲಿ ಉಳಿದವಳು ಮಂಕಾಳಿ ಒಬ್ಬಳೇ.

ಒಂದು ದಿನ ದೊಡ್ಡ ಗಾಳಿ ಎದ್ದಿತು. ಗುಡ್ಡದ ಕತ್ತು ಮುರಿದು, ಮೂತಿ ಬೇರೆಯಾಗಿ ಕಡಲಿನಲ್ಲಿ ಬಂಡೆಯಾಗಿ ನಿಂತಿತು. ನಡುವೆ ನೀರೇ ನೀರು.

ದೋಣಿ ಎಂಬುದನ್ನು ಇನ್ನೂ ಯಾರೂ ಕಂಡಿರಲಿಲ್ಲ. ಮಂಕಾಳಿ ತೊರೆಯಲ್ಲಿ ಕೊಡ ತುಂಬಿ, ತಲೆಯ ಮೇಲೆ ಹಿಡಿದು ಈಜಿದಳು. ದಾರಿಯಲ್ಲಿ ಅಲೆಯೊಂದು ಕೊಡದೊಳಕ್ಕೆ ಹಾರಿದ್ದು ಅವಳಿಗೆ ತಿಳಿಯಲಿಲ್ಲ. ಆ ನೀರನ್ನೇ ಎರೆದಳು. ಮರುದಿನ ನೋಡಿದರೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಿತ್ತು.

“ಬಿಡು ಮಗಳೇ,” ಎಂದಿತು ಗುಡ್ಡ. “ನನ್ನ ಮೈಮೇಲೆ ಜಾಗಕ್ಕೇನು ಬರಗಾಲವೇ? ಇಲ್ಲೇ ಇನ್ನೊಂದು ಸಸಿ ನೆಡು.”

“ಸೋಮಿ ಇಲ್ಲಿಲ್ಲವಲ್ಲ,” ಎಂದಳು ಮಂಕಾಳಿ. ಮತ್ತೆ ಕೊಡ ತುಂಬಿಕೊಂಡು ದಂಡೆಗೆ ಬಂದಳು.

“ಕಡಲಪ್ಪಾ, ಸ್ವಲ್ಪ ಸರಿ.”

“ಸರಿಯುವುದಾ? ನಾನಾ?” ಎಂದಿತು ಕಡಲು. “ಹುಟ್ಟಿದಲ್ಲಿಂದ ಒಂದು ಹೆಜ್ಜೆ ಇಟ್ಟವನಲ್ಲ ನಾನು.”

“ಅದಕ್ಕೇ ಮೈ ಇಷ್ಟು ಬೆಳೆದದ್ದು.”

ಗಾಳಿ ಕಿಸಕ್ಕನೆ ನಕ್ಕಿತು. ಕಡಲಿಗೆ ಸಿಟ್ಟು ಬಂತು. “ನಾನು ಹೋದರೆ ಮನೆ ಕಾಯುವವರು ಯಾರು? ಒಳಗೆ ಚಿಪ್ಪುಗಳಿವೆ, ಮರಿಮೀನುಗಳಿವೆ.”

“ನಾನು ಕಾಯ್ತೇನೆ,” ಎಂದಿತು ಏಡಿ. “ಬಾಗಿಲಲ್ಲೇ ಕೂರ್ತೇನೆ. ಯಾರಾದರೂ ಬಂದರೆ...”

“ಬಂದರೆ?”

“ಒಳಗೆ ಓಡಿಹೋಗ್ತೇನೆ.”

“ಒಳ್ಳೇ ಕಾವಲುಗಾರ ಮಾರಾಯ!” ಎಂದು ಕಡಲು ಮುಖ ತಿರುಗಿಸಿತು.

ಮಂಕಾಳಿ ಮರುದಿನವೂ ಬಂದಳು. “ಕಡಲಪ್ಪಾ, ಸ್ವಲ್ಪ ಸರಿ.” ಅದರ ಮರುದಿನವೂ ಬಂದಳು. “ಕಡಲಪ್ಪಾ, ಸ್ವಲ್ಪ ಸರಿ.” ಅತ್ತ ಸಸಿಯ ಎಲೆಗಳು ಒಂದೊಂದೇ ಉದುರುತ್ತಿದ್ದವು. ಕೊನೆಗೆ ತುದಿಯಲ್ಲಿ ಒಂದೇ ಎಲೆ ಉಳಿಯಿತು.

ಆ ದಿನ ಮಂಕಾಳಿ ಕೊಡವನ್ನು ಇಳಿಸಲಿಲ್ಲ. ಕಡಲನ್ನೇ ದಿಟ್ಟಿಸಿ ಕೇಳಿದಳು: “ನಡೆಯಲು ಬರುವುದಿಲ್ಲವಾ ನಿನಗೆ? ಬಾರದಿದ್ದರೆ ಹೇಳು, ಕಲಿಸುತ್ತೇನೆ. ಸೋಮಿಗೆ ನಡಿಗೆ ಕಲಿಸಿದವಳು ನಾನೇ.”

ಕಡಲು ಅತ್ತಿತ್ತ ನೋಡಿತು. ಆಮೇಲೆ ಗಾಳಿಗೆ ಕೇಳಿಸದ ಹಾಗೆ ಮೆಲ್ಲನೆ ಹೇಳಿತು, “ಬರುವುದಿಲ್ಲ. ಬಿದ್ದರೆ?”

“ಬಿದ್ದರೆ ಏಳು. ಹಿಂದಕ್ಕೆ ಒಂದು ಹೆಜ್ಜೆ ಇಡು. ಹೆದರಿಕೆಯಾದರೆ ಮುಂದಕ್ಕೆ ಅರ್ಧ ಹೆಜ್ಜೆ ಬಾ. ಮತ್ತೆ ಹಿಂದಕ್ಕೆ ಒಂದು. ಹಾಂ, ಹಾಗೇ.”

ಕಡಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು, ಮುಂದಕ್ಕೆ ಅರ್ಧ ಬಂತು. ಮತ್ತೆ ಹಿಂದಕ್ಕೆ ಒಂದು, ಮುಂದಕ್ಕೆ ಅರ್ಧ. ನೀರು ಇಳಿಯುತ್ತಾ ಹೋದಂತೆ ನಡುವೆ ಒದ್ದೆ ಮರಳಿನ ದಾರಿ ಕಾಣಿಸಿತು. ಬಂಡೆಗಳ ಕುಳಿಗಳಲ್ಲಿ ಮರಿಮೀನುಗಳು ಮನೆಯಲ್ಲೇ ಉಳಿದವು. ಏಡಿ ಬಾಗಿಲಲ್ಲಿ ಕೂತಿತು.

“ಏ ಹೆಣ್ಣೇ!” ದೂರದಿಂದ ಕಡಲು ಕೂಗಿತು. “ನೀನು ನಡೆಯುವುದು ನನ್ನ ಮನೆಯೊಳಗೆ. ನಾನು ವಾಪಸು ಬರುವಷ್ಟರಲ್ಲಿ ದಡದಲ್ಲಿರಬೇಕು. ಅಲ್ಲೇ ಉಳಿದೆಯೋ, ಇನ್ನೆಂದೂ ದಾರಿ ಬಿಡುವುದಿಲ್ಲ!”

ಮಂಕಾಳಿ ಒಂದು ಹನಿ ಚೆಲ್ಲದೆ ಬಂಡೆಗೆ ಹೋದಳು. ಸಸಿಯ ಬುಡಕ್ಕೆ ನಿಧಾನವಾಗಿ ನೀರೆರೆದಳು. ತಂಗಿಯ ಪಕ್ಕದಲ್ಲಿ ಕೂತಳು. ಅವಳಿಗೆ ಅಲ್ಲೇ ಇದ್ದುಬಿಡೋಣ ಎನಿಸಿತು. ಮಣ್ಣಿನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಆದರೆ ಇವತ್ತು ಉಳಿದರೆ ನಾಳೆ ನೀರು ತರುವವರು ಯಾರು?

ಕಡಲು ಹಿಂದಿರುಗುವ ಸದ್ದು ಕೇಳಿತು. ಮಂಕಾಳಿ ಖಾಲಿ ಕೊಡವನ್ನು ಸೊಂಟಕ್ಕೇರಿಸಿ ಎದ್ದಳು. “ಬರ್ತೇನೆ ಸೋಮಿ,” ಎಂದಳು. ದಡ ಮುಟ್ಟುವವರೆಗೂ ತಿರುಗಿ ನೋಡಲಿಲ್ಲ.

ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಒಂದು ಬೆಳಿಗ್ಗೆ ಒಂಟಿ ಎಲೆಯ ಪಕ್ಕದಲ್ಲಿ ಚಿಗುರೊಂದು ಇಣುಕಿತು. ಊರಿನವರು ದಂಡೆಯಲ್ಲಿ ನಿಂತು ಸೋಮಿಯ ಹೆಸರನ್ನು ಗಟ್ಟಿಯಾಗಿ ಕೂಗಿದರು.

ಅಷ್ಟು ಹೊತ್ತಿಗೆ ಕಡಲಿಗೆ ನಡಿಗೆಯ ರುಚಿ ಹತ್ತಿತ್ತು. ಇಂದಿಗೂ ಅದು ದಿನಕ್ಕೆರಡು ಸಲ ತಿರುಗಾಡಲು ಹೋಗುತ್ತದೆ, ಸೋಮಾರಿಯಾದ್ದರಿಂದ ದಿನದಿನಕ್ಕೆ ಸ್ವಲ್ಪ ತಡವಾಗಿ ಹೊರಡುತ್ತದೆ. ನೀವು ಆ ಮರಳಿನ ದಾರಿಯಲ್ಲಿ ಬಂಡೆಯವರೆಗೆ ನಡೆದುಹೋಗಿ ಮೈಮರೆತು ನಿಂತರೆ, ತೆಳ್ಳಗಿನ ಅಲೆಯೊಂದು ಬಂದು ಹಿಮ್ಮಡಿಯನ್ನು ಮುಟ್ಟುತ್ತದಲ್ಲ, ಅದು ಮನೆಯ ಯಜಮಾನ ಹಿಂದಿರುಗಿ ಬಂದು ಬಾಗಿಲಲ್ಲಿ ಕೆಮ್ಮುವುದು.