ಟೈರಿನೊಳಗೆ ಹೋದ ಗೊರಕೆ

ಒಂದಾನೊಂದು ಊರಿನಲ್ಲಿ, ಊರೆಂದರೆ ತೀರ ದೊಡ್ಡದೇನಲ್ಲ, ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಮೂಗು ಒರೆಸಿಕೊಳ್ಳಬೇಕು, ಅಂಥ ಊರಿನಲ್ಲಿ ಕುಲುಕುರಾಯ ಎಂಬ ರಾಜನಿದ್ದ. ಅವನಿಗೆ ಆನೆ ಇರಲಿಲ್ಲ, ಕುದುರೆ ಇರಲಿಲ್ಲ, ಒಂದು ಜೀಪು ಇತ್ತು. ಗುಡ್ಡ ಹತ್ತುವ ಜೀಪು, ಹಳ್ಳ ಇಳಿಯುವ ಜೀಪು. ಆದರೆ ರಾಜ ಗುಡ್ಡ ಹತ್ತುತ್ತಿರಲಿಲ್ಲ, ಹಳ್ಳ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ ಹಿಡಿದು ಜೀಪಿನಲ್ಲಿ ಕೂತು ಅರಮನೆಯಿಂದ ಊರಿನ ಅಗಸೆಬಾಗಿಲಿನವರೆಗೆ ಹೋಗಿ ಬರುತ್ತಿದ್ದ. ಅವನ ರಾಜ್ಯಭಾರ ಅಷ್ಟೇ.

ಅಗಸೆಬಾಗಿಲ ಹತ್ತಿರ ರಸ್ತೆಯ ನಡುವೆ ಒಂದು ಕಲ್ಲಿತ್ತು. ನಿಂಬೆಹಣ್ಣಿನಷ್ಟು ಕಲ್ಲು. ಜೀಪು ಅದನ್ನು ಹತ್ತಿ ಇಳಿಯುವಾಗ ಟಕ್ ಎನ್ನುತ್ತಿತ್ತು. ಟಕ್ ಎಂದಾಗ ಒಂದು ಹನಿ ಮಜ್ಜಿಗೆ ರಾಜನ ಮೀಸೆಗೆ ಸಿಡಿಯುತ್ತಿತ್ತು. ದಿನವೂ ಒಂದು ಹನಿ. ಆ ಹನಿಯನ್ನೇ ನೆನೆದು ನೆನೆದು ರಾಜ ಸೊರಗಿದ.

ಅಲ್ಲೇ ಬೇವಿನ ಮರದ ಕೆಳಗೆ ಹೊನ್ನೂರಮ್ಮನ ಪಂಕ್ಚರ್ ಅಂಗಡಿ. ಅವಳ ಗಂಡ ಹುಲುಗಪ್ಪ. ಬೆಳಿಗ್ಗೆ ಇಬ್ಬರೂ ಟೈರು ಬಿಚ್ಚುವರು, ಟೈರು ಕಟ್ಟುವರು. ಮಧ್ಯಾಹ್ನ ಉಂಡ ಮೇಲೆ ಹುಲುಗಪ್ಪ ಹಳೆ ಟೈರುಗಳ ರಾಶಿಯ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುವನು. ಅದೇನು ಸಾಮಾನ್ಯ ಗೊರಕೆಯಲ್ಲ. ಅದು ಶುರುವಾಯಿತೆಂದರೆ ಅಂಗಡಿಯ ನಟ್ಟು ಬಿಚ್ಚುವ ಪಾನಾಗಳು ತಾವಾಗಿಯೇ ಡಬ್ಬದೊಳಗೆ ಹೋಗಿ ಸಾಲಾಗಿ ಮಲಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಹೊನ್ನೂರಮ್ಮ ಆ ಸದ್ದಿಗೆ ನಿದ್ದೆಗೆಟ್ಟು ತವರಿಗೆ ಹೊರಟಿದ್ದಳು. ಆಮೇಲೆ ಏನಾಯಿತೋ, ಆ ಸದ್ದಿಲ್ಲದೆ ಅವಳಿಗೆ ಕಣ್ಣೇ ಮುಚ್ಚದಂತಾಯಿತು. ಅವನು ಗೊರ್ ಎಂದರೆ ಇವಳಿಗೆ ನಿದ್ದೆ.

ಒಂದು ದಿನ ರಾಜ ಅಂಗಡಿಯ ಮುಂದೆ ಜೀಪು ನಿಲ್ಲಿಸಿದ. ಪಕ್ಕದಲ್ಲಿ ಮಂತ್ರಿ ಆಗಲಪ್ಪ.

"ಹೊನ್ನೂರವ್ವಾ, ಕಲ್ಲು ಹತ್ತಿದ್ದು ಗೊತ್ತೇ ಆಗಬಾರದು, ಅಷ್ಟು ದೊಡ್ಡ ಟೈರು ಹಾಕು."

"ಅದರ ಬದಲು ಕಲ್ಲು ತೆಗೆದು ಬದಿಗಿಟ್ಟರೆ ಆಯ್ತಲ್ಲ ಧಣಿ?"

ರಾಜನಿಗೆ ನಗು ಬಂತು. "ಕಲ್ಲು ನಮ್ಮಜ್ಜನ ಕಾಲದ್ದು. ಜೀಪು ಮೊನ್ನೆಯದು. ಹಿರಿಯರನ್ನು ಎಬ್ಬಿಸಿ ಕಿರಿಯರಿಗೆ ದಾರಿ ಬಿಡಿಸುತ್ತಾರೇನು?"

"ಹೋಗಲಿ, ಮಜ್ಜಿಗೆ ಮನೇಲೇ ಕುಡಿದು ಹೊರಡಬಹುದಲ್ಲ."

"ಮನೆಯಲ್ಲಿ ಕುಡಿಯೋ ಹಾಗಿದ್ದರೆ ಜೀಪು ಯಾಕೆ?"

"ಆಗಲಿ," ಎಂದ ಆಗಲಪ್ಪ. ಅವನಿಗೆ ಬರುತ್ತಿದ್ದುದು ಅದೊಂದೇ ಮಾತು. ಅದರ ಮೇಲೆಯೇ ಮಂತ್ರಿಯಾಗಿದ್ದ.

ಹೊನ್ನೂರಮ್ಮ ಜಾಕ್ ಕೊಟ್ಟು ಜೀಪು ಎತ್ತಿದಳು. ನಟ್ಟು ಬಿಚ್ಚಿದಳು. ಅಂಚಿಗೆ ಸೋಪಿನ ನೀರು ಬಳಿದು ರಿಮ್ಮಿಗೆ ದೊಡ್ಡ ಟೈರು ಕೂಡಿಸಿದಳು. ಮಾರನೆಯ ದಿನ ರಾಜ ಹೊರಟ. ಟಕ್ ಎಂದಿತು. ಸ್ವಲ್ಪ ದೂರ ಹೋದ. ಮತ್ತೆ ಟಕ್. ಇನ್ನೂ ಸ್ವಲ್ಪ ದೂರ. ಮತ್ತೆ ಟಕ್. ರಾಜನ ಮೀಸೆಯೆಲ್ಲ ಮಜ್ಜಿಗೆಯಾಯಿತು.

ಅಗಸೆಬಾಗಿಲ ಹತ್ತಿರ ಕಲ್ಲಿನ ಜಾಗದಲ್ಲಿ ಕಲ್ಲೇ ಇರಲಿಲ್ಲ. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಮೀಸೆಯನ್ನೇ ನೋಡುತ್ತಿದ್ದರು.

"ಕಲ್ಲು ಮರಿ ಹಾಕಿದೆ," ಎಂದ ರಾಜ. "ರಸ್ತೆ ತುಂಬ ಮರಿ. ಇನ್ನೂ ದೊಡ್ಡ ಟೈರು ಹಾಕು."

"ಆಗಲಿ," ಎಂದ ಆಗಲಪ್ಪ.

ಇನ್ನೂ ದೊಡ್ಡ ಟೈರು ಬಂತು. ಅದು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಮಡ್‌ಗಾರ್ಡ್ ಕತ್ತರಿಸಿದರು. ನೇರ ಹೋದರೆ ಸರಿ, ತಿರುಗಿಸಿದರೆ ಟೈರು ಹೋಗಿ ಜೀಪಿನ ಹೊಟ್ಟೆಗೆ ತಾಗುತ್ತಿತ್ತು. ಅದಕ್ಕೆ ರಾಜ ಡಂಗುರ ಹೊಡೆಸಿದ, ನಮ್ಮ ರಾಜ್ಯದಲ್ಲಿ ಇನ್ನು ಮೇಲೆ ತಿರುವುಗಳಿಲ್ಲ. ಜೀಪು ನೇರ ಹೋಯಿತು. ನೇರ ಹೋದದ್ದು ವಾಪಸು ಬರುವುದು ಹೇಗೆ? ಅದಕ್ಕೆ ಅರಮನೆಯನ್ನೇ ಬಿಚ್ಚಿ, ಬಾಗಿಲು ಕಿಟಕಿ ತಲೆಯ ಮೇಲೆ ಹೊತ್ತು, ಜೀಪು ನಿಂತಲ್ಲಿ ಕಟ್ಟಿದರು. ಮಾರನೆಯ ದಿನ ಅದರ ಮುಂದೆ ಕಟ್ಟಿದರು. ಅಡುಗೆಯವರು ಒಲೆ ಹೊತ್ತುಕೊಂಡು ನಡೆಯುತ್ತಲೇ ಸಾರು ಕುದಿಸುವುದನ್ನು ಕಲಿತರು.

ಟಕ್ ಮಾತ್ರ ನಿಲ್ಲಲಿಲ್ಲ.

"ಇನ್ನೂ ದೊಡ್ಡದು," ಎಂದ ರಾಜ.

ಕೊನೆಗೆ ಅಂಗಡಿಯ ಮುಂದೆ ಹುಣಸೆಮರದಷ್ಟು ಎತ್ತರದ ನಾಲ್ಕು ಟೈರು ಬಂದವು. ಅವಕ್ಕೆ ಗಾಳಿ ತುಂಬಬೇಕು. ಹೊನ್ನೂರಮ್ಮನ ಗಾಳಿ ಮಿಷನ್ನು ಮೂರು ಟೈರು ತುಂಬಿ, ನಾಲ್ಕನೆಯದಕ್ಕೆ ಒಂದು ದಿನ ಉಬ್ಬಸಪಟ್ಟು, "ಅಮ್ಮಾ, ನಾನು ಸೈಕಲ್ಲು ಸ್ಕೂಟರು ನೋಡಿಕೊಂಡು ಬಾಳಿದವಳು, ನನ್ನನ್ನು ಬಿಟ್ಟುಬಿಡು," ಎಂದು ಮುಖ ತಿರುಗಿಸಿ ಕೂತಿತು.

"ಮಿಷನ್ನಿನಲ್ಲಿ ಗಾಳಿ ಇಲ್ಲದಿದ್ದರೆ ಜನರಲ್ಲಿದೆಯಲ್ಲ," ಎಂದ ರಾಜ.

"ಆಗಲಿ," ಎಂದ ಆಗಲಪ್ಪ.

ಊರವರೆಲ್ಲ ಸಾಲಾಗಿ ನಿಂತು ಪೈಪಿಗೆ ಬಾಯಿಟ್ಟು ಊದಿದರು. ಬಳೆಗಾರ್ತಿ ಊದಿದಳು, ಅವಳ ಚೌಕಾಸಿ ಒಳಗೆ ಹೋಯಿತು. ಕಂಡಕ್ಟರ್ ಊದಿದ, ಅವನ ಸೀಟಿ ಒಳಗೆ ಹೋಯಿತು. ಅತ್ತೆ ಊದಿದಳು, ಸೊಸೆಯನ್ನು ಬೈಯುವ ಬೈಗುಳ ಒಳಗೆ ಹೋಯಿತು. ಸೊಸೆ ಸಂತೋಷದಿಂದ ಊದಲು ಹೋಗಿ ಒಂದು ನಗು ಕಳೆದುಕೊಂಡಳು. ಆದರೂ ಟೈರಿನ ಒಂದು ಕಡೆ ಮೆತ್ತಗೇ ಇತ್ತು. ಮಧ್ಯಾಹ್ನವಾಗಿತ್ತು. ಹುಲುಗಪ್ಪ ಟೈರು ರಾಶಿಯ ಮೇಲೆ ಮಲಗಿದ್ದ. ಎಬ್ಬಿಸುವುದು ಪಾಪ ಎಂದು ರಾಜಭಟರು ಪೈಪು ತಂದು ಅವನ ಮೂಗಿಗೆ ಇಟ್ಟರು. ಗೊರ್ ಎಂಬುದು ಪೈಪಿನೊಳಗೆ ಹೋಯಿತು. ಟೈರು ಟಮ್ಮೆಂದಿತು.

ಹೊನ್ನೂರಮ್ಮ ನೀರು ತರಲು ಹೋಗಿದ್ದವಳು ಬಂದು ನೋಡುತ್ತಾಳೆ, ಗಂಡ ಸದ್ದಿಲ್ಲದೆ ಮಲಗಿದ್ದಾನೆ. ಕೊಡ ಅಲ್ಲೇ ಬಿಟ್ಟು ಓಡಿಬಂದು ಮೂಗಿನ ಕೆಳಗೆ ಬೆರಳಿಟ್ಟಳು. ಉಸಿರಿತ್ತು.

"ಏನ್ರೀ, ಏಳ್ರೀ. ನೀವು ಇದ್ದೀರಾ?"

"ಇದ್ದೀನಿ ಕಣೇ. ಯಾಕೆ?"

"ಏನಿಲ್ಲ. ಮಲಗಿ."

ಅವನು ಮಲಗಿದ. ಹಲಗೆಯ ಹಾಗೆ ಮಲಗಿದ. ಇವಳು ಸ್ವಲ್ಪ ಹೊತ್ತು ನೋಡಿ ಮತ್ತೆ ಬೆರಳಿಟ್ಟಳು. ಮತ್ತೆ ಎಬ್ಬಿಸಿದಳು. ದಿನಗಳು ಹೀಗೇ ಹೋದವು. ಅವನಿಗೆ ಇವಳ ಬೆರಳಿನಿಂದ ನಿದ್ದೆಯಿಲ್ಲ, ಇವಳಿಗೆ ಅವನ ಮೌನದಿಂದ ನಿದ್ದೆಯಿಲ್ಲ. ಹೊನ್ನೂರಮ್ಮ ಸೈಕಲ್ಲಿನ ಟ್ಯೂಬಿಗೆ ಹಚ್ಚುವ ಪ್ಯಾಚನ್ನು ಗಿರಾಕಿಯ ಮೊಣಕಾಲಿಗೆ ಹಚ್ಚಿದಳು. ಗಂಡನ ಮೂಗಿಗೆ ಪೈಪು ಇಟ್ಟ ಸಂಗತಿ ಊರವರಿಂದ ತಿಳಿಯಿತು. ಇನ್ನು ತಡೆಯಲಾರೆ ಎಂದು ಅರಮನೆ ಆ ದಿನ ಎಲ್ಲಿದೆಯೋ ಹುಡುಕಿಕೊಂಡು ಹೋದಳು.

"ಧಣಿ, ನಮ್ಮ ಮನೆಯವರ ಗೊರಕೆ ಕೊಟ್ಟುಬಿಡಿ."

"ಟೈರು ಒಡೆದರೆ ತಾನೆ ಕೊಡುವುದು? ರಾಜನ ಟೈರಿನ ಗಾಳಿ ತೆಗೆದವರನ್ನು ಸ್ಟೆಪ್ನಿ ಮಾಡಿ ಜೀಪಿನ ಹಿಂದೆ ಬಿಗಿಯಬೇಕು ಅಂತ ಶಾಸನವಿದೆ."

"ಯಾರು ಮಾಡಿದ ಶಾಸನ?"

"ನಾನೇ. ಈಗಷ್ಟೇ ಮಾಡಿದೆ."

"ಆಗಲಿ," ಎಂದ ಆಗಲಪ್ಪ.

ಹೊನ್ನೂರಮ್ಮ ಆಕಳಿಸುತ್ತ ಮನೆಗೆ ಬಂದಳು.

ಆದರೆ ಕೇಳಿ, ಗೊರಕೆ ಒಳಗಿದ್ದ ಮೇಲೆ ಟೈರು ಸುಮ್ಮನಿರುತ್ತದೆಯೇ? ಮಾರನೆಯ ದಿನ ಸವಾರಿ ಮಧ್ಯಾಹ್ನದವರೆಗೂ ಎಳೆಯಿತು, ಟೈರಿಗೆ ನಿದ್ದೆ ಬಂತು. ನಡುರಸ್ತೆಯಲ್ಲಿ ಗೊರ್ ಎಂದಿತು. ಮೂರು ಟೈರು ಎಚ್ಚರವಾಗಿದ್ದವು, ಹಿಂದಿನ ಎಡಗಡೆಯದು ಮಲಗಿತ್ತು. ಮಲಗಿದವರನ್ನು ಬಿಟ್ಟು ಹೋಗುವುದು ಸರಿಯಲ್ಲವೆಂದು ಉಳಿದ ಮೂರೂ ನಿಂತವು. ಜೀಪು ಎಷ್ಟು ಎತ್ತರವಾಗಿತ್ತೆಂದರೆ ಏಣಿ ಇಲ್ಲದೆ ರಾಜ ಇಳಿಯಲಾರ, ಏಣಿ ಅರಮನೆಯಲ್ಲಿತ್ತು, ಅರಮನೆ ಮುಂದಿನ ಹಳ್ಳಿಯಲ್ಲಿತ್ತು. ಮಜ್ಜಿಗೆ ಖಾಲಿಯಾಗಿತ್ತು.

"ಹೊನ್ನೂರವ್ವನನ್ನು ಕರೆಸಿರಿ," ಎಂದು ರಾಜ ಮೇಲಿನಿಂದ ಕೂಗಿದ. "ಟೈರು ರಿಪೇರಿಗೆ ಬಂದಿದೆ. ಎಬ್ಬಿಸಲಿ."

ಹೊನ್ನೂರಮ್ಮ ಪಾನಾ ಹಿಡಿದು ಬಂದಳು, ಅವಳ ಹಿಂದೆ ಊರವರೆಲ್ಲ ಬಂದರು. ಅವಳು ಟೈರಿನ ಮುಂದೆ ನಿಂತಳು. ಎಷ್ಟೋ ದಿನದ ಮೇಲೆ ಆ ಸದ್ದು ಕೇಳಿತು. ಎಳೆದು, ನಿಂತು, ಮತ್ತೆ ಎಳೆಯುವ ಅದೇ ಗೊರ್. ಅವಳ ಕೈಯಿಂದ ಪಾನಾ ಜಾರಿತು. ಹಾಗೇ ಕೂತಳು, ಟೈರಿಗೆ ಒರಗಿದಳು, ಕೆನ್ನೆ ತಾಗಿಸಿದಳು, ನಿದ್ದೆ ಹೋದಳು.

"ಏನು ಮಾಡುತ್ತಿದ್ದಾಳೆ?" ಎಂದು ರಾಜ ಕೇಳಿದ.

"ರಿಪೇರಿ," ಎಂದ ಆಗಲಪ್ಪ. ಅವನ ಬಾಯಲ್ಲಿ ಎರಡನೆಯ ಮಾತು ಬಂದದ್ದು ಆವತ್ತೇ.

ಅಷ್ಟರಲ್ಲಿ ಅವಳ ಕಿವಿಯ ಕೆಳಗಿಂದ ಒಂದು ಸಣ್ಣ ದನಿ. "ಅಮ್ಮಾ ತಾಯಿ, ತಲೆ ತೆಗಿ. ನನಗೆ ಏನೂ ಕಾಣಿಸ್ತಿಲ್ಲ."

ಹೊನ್ನೂರಮ್ಮ ಬೆಚ್ಚಿ ಎದ್ದು ನೋಡಿದಳು. ಟೈರಿನ ಹಲ್ಲುಗಳ ನಡುವೆ ನಿಂಬೆಹಣ್ಣಿನಷ್ಟು ಕಲ್ಲು ಸಿಕ್ಕಿಕೊಂಡಿತ್ತು.

"ನೀನಾ? ಅಗಸೆಬಾಗಿಲ ಕಲ್ಲು?"

"ನಾನೇ. ಅಜ್ಜನ ಕಾಲದಿಂದ ಎಲ್ಲರೂ ನನ್ನನ್ನು ಹತ್ತಿ ಇಳಿದು ಹೋದರೇ ಹೊರತು ಬಾ ಅಂತ ಒಬ್ಬರೂ ಕರೆಯಲಿಲ್ಲ. ದೊಡ್ಡ ಟೈರು ಬಂತು, ಹಲ್ಲು ಅಗಲವಿತ್ತು, ಹತ್ತಿ ಕೂತೆ. ನೀನು ಟೈರು ಬದಲಾಯಿಸಿದಾಗಲೆಲ್ಲ ಇಳಿದು ಹೊಸದಕ್ಕೆ ಹತ್ತಿದೆ. ಊರು ಚೆನ್ನಾಗಿದೆ. ಟೈರು ಒಂದು ಸುತ್ತು ತಿರುಗಿದರೆ ಒಂದು ಸಲ ತಲೆ ನೆಲಕ್ಕೆ ಬಡಿಯುತ್ತೆ, ಅಷ್ಟೇ ತೊಂದರೆ."

ಟಕ್ ಎಂದರೆ ಅದೇ.

ರಾಜನಿಗೆ ಮೇಲಿನಿಂದ ಇದೆಲ್ಲ ಕೇಳಿಸಿತು. ಏಣಿಗೆ ಕಾಯಲಿಲ್ಲ. ಟೈರನ್ನು ತಬ್ಬಿ ಜಾರಿಕೊಂಡು ಬಂದ. "ಅಜ್ಜನ ಕಲ್ಲಿನ ತಲೆ ನೆಲಕ್ಕೆ ಬಡಿಯುವುದೇ," ಎಂದವನೇ ಎರಡೂ ಕೈಯಿಂದ ಹಿಡಿದು ಕಲ್ಲನ್ನು ಕಿತ್ತ.

ಕಲ್ಲು ಆಳಕ್ಕೆ ಇಳಿದಿತ್ತು. ಕಿತ್ತ ತೂತಿನಿಂದ ಬುಸ್ ಎಂದು ಗಾಳಿ ಬಂತು. ಚೌಕಾಸಿ ಬಂತು, ಬಳೆಗಾರ್ತಿ ಹಿಡಿದುಕೊಂಡಳು. ಸೀಟಿ ಬಂತು, ಕಂಡಕ್ಟರ್ ಓಡಿದ. ಬೈಗುಳ ಬಂತು. ಅದರ ಹಿಂದೆಯೇ ಸೊಸೆಯ ನಗು ಬಂತು. ಟೈರು ಚಪ್ಪಟೆಯಾಯಿತು. ಗೊರಕೆ ಮಾತ್ರ ಬರಲಿಲ್ಲ.

"ಧಣಿ," ಎಂದಳು ಹೊನ್ನೂರಮ್ಮ, "ಗಾಳಿ ತೆಗೆದವರು ಯಾರು?"

ರಾಜ ಕೈಯಲ್ಲಿದ್ದ ಕಲ್ಲು ನೋಡಿದ. ಆಗಲಪ್ಪನ ಮುಖ ನೋಡಿದ.

"ಆಗಲಿ," ಎಂದ ಆಗಲಪ್ಪ.

ಶಾಸನ ಶಾಸನವೇ. ರಾಜನನ್ನು ಜೀಪಿನ ಹಿಂದೆ ಸ್ಟೆಪ್ನಿಯ ಜಾಗದಲ್ಲಿ ಬಿಗಿದರು, ಕಲ್ಲನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಹೊನ್ನೂರಮ್ಮ ಹಳೆಯ ಸಣ್ಣ ಟೈರುಗಳನ್ನೇ ಹಾಕಿಕೊಟ್ಟಳು. ಜೀಪು ಮೊದಲಿನ ಹಾಗೆ ತಿರುಗಿತು. ರಸ್ತೆಯಲ್ಲಿ ಈಗ ಕಲ್ಲಿಲ್ಲ, ಟಕ್ ಇಲ್ಲ. ರಾಜ ಹಿಂದೆ ಮುಖ ಮಾಡಿ ಕೂತು ಲೋಟ ಪೂರ್ತಿ ಕುಡಿದ. ಮೀಸೆ ಒಣಗಿಯೇ ಇತ್ತು. "ಇದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ," ಎಂದ. ಅಲ್ಲೇ ಇರುತ್ತೇನೆಂದು ಹಠ ಹಿಡಿದ.

ಹೊನ್ನೂರಮ್ಮ ಅದನ್ನು ನೋಡುತ್ತ ನಿಲ್ಲಲಿಲ್ಲ. ಚಪ್ಪಟೆಯಾದ ಟೈರಿನಿಂದ ಟ್ಯೂಬು ಎಳೆದು ಕೆರೆಗೆ ಹೊತ್ತೊಯ್ದಳು. ಪಂಕ್ಚರ್ ನೋಡುವಾಗ ಟ್ಯೂಬು ನೀರಿನಲ್ಲಿ ಮುಳುಗಿಸುತ್ತಾರಲ್ಲ, ಹಾಗೆ ಮುಳುಗಿಸಿದಳು. ಹಿಂಡಿದಳು. ಮಡಿಸಿ ಮತ್ತೆ ಹಿಂಡಿದಳು. ಏನೂ ಇಲ್ಲ. "ಏನ್ರೀ," ಎಂದು ನೀರಿಗೆ ಹೇಳಿದಳು, "ಏಳ್ರೀ. ನೀವು ಇದ್ದೀರಾ?"

ಟ್ಯೂಬಿನ ಮೂಲೆಯಿಂದ ಕುಂಬಳಕಾಯಿಯಷ್ಟು ದೊಡ್ಡ ಗುಳ್ಳೆಯೊಂದು ಸೋಮಾರಿಯಾಗಿ ಎದ್ದು ಬಂತು. ಗೊರಕೆ ಅಲ್ಲವೇ, ಮಲಗಿಬಿಟ್ಟಿತ್ತು.

ಅದು ಒಡೆಯುವ ಮೊದಲೇ ಸೆರಗಿನಲ್ಲಿ ಹಿಡಿದು ಗಂಟು ಹಾಕಿದಳು. ಮನೆಗೆ ಓಡಿದಳು. ಹುಲುಗಪ್ಪ ಟೈರು ರಾಶಿಯ ಮೇಲೆ ಹಲಗೆಯಂತೆ ಬಿದ್ದಿದ್ದ. ಅವನ ಮೂಗಿನ ಕೆಳಗೆ ಈ ಸಲ ಬೆರಳಿಡಲಿಲ್ಲ, ಸೆರಗಿನ ಗಂಟು ಬಿಚ್ಚಿದಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡಬ್ಬದಲ್ಲಿ ಒಂದು ಪಾನಾ ಮಗ್ಗುಲು ತಿರುಗಿತು. ಆಮೇಲೆ ಗೊರ್.

ಹೊನ್ನೂರಮ್ಮ ಅದನ್ನು ಪೂರ್ತಿ ಕೇಳಲಿಲ್ಲ. ಅರ್ಧ ಕೇಳುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.

ಇದರ ನೀತಿ ಏನೆಂದರೆ, ಯಾರದಾದರೂ ಟೈರು ಮಧ್ಯಾಹ್ನ ಗೊರಕೆ ಹೊಡೆದರೆ ಅದು ಯಾರ ಮನೆಯದೆಂದು ಕೇಳಿ ವಾಪಸು ಕೊಟ್ಟುಬಿಡಿ. ಕತೆಯ ಗಾಳಿ ಇಳಿಯಿತು, ಟೈರು ಚಪ್ಪಟೆಯಾಯಿತು. ಏಳಿ, ಇನ್ನು ಅವರವರ ಗೊರಕೆ ಅವರವರೇ ಹೊಡೆಯಿರಿ.