ಇಪ್ಪತ್ತು ಲಕ್ಷ ಚುಕ್ಕಿಯೂ ಒಂದು ಹಳದಿ ವೈರೂ

ಚಾಂದಪಾಷಾ ಮೇಸ್ತ್ರಿಯ ಜೀಪಿನಲ್ಲೊಂದು ಮುದಿ ಪರದೆಯಿತ್ತು. ಒಂದೇ ಹಳದಿ ವೈರಿನಿಂದ ಚಿತ್ರ ತರಿಸಿಕೊಂಡು ಬೆಳಗುತ್ತಿದ್ದ ಅದರ ಮುಂದೆ ಚಂದಿರನೂ ಮಂಕು, ಬೇಕಾದರೆ ಚಂದಿರನನ್ನೇ ಕೇಳಿ. ಒಂದು ದಿನ ಸೀಟಿನ ಕೆಳಗೆ ದಾರಿ ಹೇಳುವ ಹೊಸ ಕಂಪ್ಯೂಟರ್ ಬಂದು ಕೂತಿತು. ಅದರ ಚಿತ್ರ ಮೂಡದಿದ್ದರೆ ಪರದೆಯನ್ನು ಕಿತ್ತು ಗುಜರಿಗೆ ಹಾಕುವೆನೆಂದ ಮೇಸ್ತ್ರಿ.

"ನನ್ನ ಹತ್ತಿರ ಚಿತ್ರ ಬಿಡಿಸಲು ಇಪ್ಪತ್ತು ಲಕ್ಷ ಚುಕ್ಕಿಗಳಿವೆ ಅಜ್ಜಾ, ಹಿಡಿದುಕೋ" ಎಂದು ಕಂಪ್ಯೂಟರ್ ಎಲ್ಲವನ್ನೂ ಒಮ್ಮೆಲೇ ಸುರಿಯಿತು. ಕಂಪ್ಯೂಟರಿನ ಸಿಗ್ನಲನ್ನು ಹಳದಿ ವೈರಿಗೆ ಒಗ್ಗುವಂತೆ ಬದಲಿಸುವ ಪುಟ್ಟ ಡಬ್ಬಿಯೊಂದು ನಡುವೆ ನಿಂತು ಅರೆದು ಕೊಟ್ಟರೂ, ಪರದೆಯ ಮೇಲೆ ಇರುವೆ ಸಾಲು ಹರಿಯಿತೇ ಹೊರತು ಅಕ್ಷರ ಕಾಣಲಿಲ್ಲ. ಮೇಸ್ತ್ರಿ ಸ್ಕ್ರೂಡ್ರೈವರ್ ಎತ್ತಿಕೊಂಡ.

ಪರದೆ ಅವಸರದಿಂದ ಕೂಗಿತು: "ತಮ್ಮಾ, ಕಡಿಮೆ ಕೊಡು, ದಪ್ಪಗೆ ಕೊಡು."

"ಆಮೇಲೆ ನನ್ನ ಮರ್ಯಾದೆ?"

"ಯಾರೂ ಓದಲಾಗದ ಮರ್ಯಾದೆ ಇಟ್ಟುಕೊಂಡು ಸೀಟಿನ ಕೆಳಗೆ ಏನು ಮಾಡುತ್ತೀಯಪ್ಪಾ?"

ಕಂಪ್ಯೂಟರ್ ಗೊಣಗುತ್ತಲೇ ಚುಕ್ಕಿಗಳನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿತು, ಅಕ್ಷರಗಳನ್ನು ಹಲಸಿನಕಾಯಿ ಗಾತ್ರಕ್ಕೆ ಬೆಳೆಸಿತು. ಕನ್ನಡಕ ಮನೆಯಲ್ಲೇ ಮರೆತಿದ್ದ ಮೇಸ್ತ್ರಿ "ಬಲಕ್ಕೆ ತಿರುಗಿ" ಎಂದು ಗಟ್ಟಿಯಾಗಿ ಓದಿದ. ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ಜೀಪನ್ನು ಬಲಕ್ಕೆ ತಿರುಗಿಸಿದ.

ಸ್ವಲ್ಪ ದೂರ ಹೋದ ಮೇಲೆ ಸೀಟಿನ ಕೆಳಗಿಂದ ಮೆಲ್ಲಗೆ ದನಿ ಬಂತು: "ಅಜ್ಜಾ, ಮುಂದಿನ ತಿರುವನ್ನು ಇನ್ನೂ ದಪ್ಪಗೆ ಬರೆಯಲೇ?"