ಒಂದು ಚಮಚ ಹೆಪ್ಪು

“ಸರ್, ಕಲಿಸಿದವಳು ಹಿಂದೆ ಉಳಿದು ಕಲಿತವನು ಮುಂದೆ ಹೋಗಿಬಿಟ್ಟರೆ, ಕಲಿಸಿದ್ದೇ ತಪ್ಪಲ್ಲವಾ?”

ನೀಲಾಂಬಿಕೆ ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಲಿಲ್ಲ. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಓಂಕಾರಯ್ಯ ಮೇಷ್ಟ್ರ ಕೋಣೆಗೆ ಬಂದು ಕೇಳಿದಳು. ಓಂಕಾರಯ್ಯನವರು ಎಂಬಿಎ ವಿಭಾಗದ ಪ್ರಾಧ್ಯಾಪಕರು. ಆದರೂ ವಿದ್ಯಾರ್ಥಿಗಳ ಬಾಯಲ್ಲಿ ಅವರು ಮೇಷ್ಟ್ರೇ. ಮಾರುಕಟ್ಟೆಯ ಬಗ್ಗೆ ಏನು ಕೇಳಿದರೂ ಒಂದು ಕತೆ ಹೇಳಿ ಕಳಿಸುತ್ತಾರೆ, ಆ ಕತೆಯನ್ನು ಪರೀಕ್ಷೆಯಲ್ಲಿ ಬರೆದರೆ ಮಾತ್ರ ಅಂಕ ಕೊಡುವುದಿಲ್ಲ ಎಂದು ಹುಡುಗರು ಬೆನ್ನ ಹಿಂದೆ ತಮಾಷೆ ಮಾಡುತ್ತಿದ್ದರು. ಅದು ಮೇಷ್ಟ್ರಿಗೂ ಗೊತ್ತಿತ್ತು.

ಆ ವಿಶ್ವವಿದ್ಯಾಲಯ ಸರ್ಕಾರದ್ದು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಹೆಸರಾಂತ ಕಂಪನಿಗಳು ಅದರ ದಾರಿ ಹಿಡಿಯುವುದು ಅಪರೂಪ. ಬಂದರೂ ಒಬ್ಬಿಬ್ಬರನ್ನು ಆರಿಸಿಕೊಂಡು ಹೋಗುತ್ತಿದ್ದವು. ಓದಲು ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಲೆಕ್ಕ ಬಿಡಿಸು ಎಂದರೆ ಯಾರಿಗೂ ಕಡಿಮೆಯಿಲ್ಲ. ಗುಂಪು ಚರ್ಚೆಗೆ ಕೂರಿಸಿ ಇಂಗ್ಲಿಷಿನಲ್ಲಿ ಮಾತಾಡು ಎಂದರೆ ಮಾತ್ರ ನಾಲಿಗೆ ಅಂಟಿಕೊಂಡುಬಿಡುತ್ತಿತ್ತು. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡಿದ್ದರು. ಸಂಜೆ ಗ್ರಂಥಾಲಯದ ಹಿಂದಿನ ಬೇವಿನ ಕಟ್ಟೆಯ ಮೇಲೆ ಸೇರುವುದು, ಒಬ್ಬರು ಕಂಪನಿಯವರಂತೆ ಪ್ರಶ್ನೆ ಕೇಳುವುದು, ಉಳಿದವರು ಉತ್ತರ ಕೊಡುವುದು. ಯಾರು ತಪ್ಪಿದರೂ ನಗಬಾರದು ಎಂಬುದೊಂದೇ ಅಲ್ಲಿಯ ನಿಯಮ.

ಸಹಪಾಠಿ ಕೊಟ್ರೇಶ ಆ ಕಟ್ಟೆಗೆ ಮೊದಲು ಬಂದಾಗ ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ. ನೀಲಾಂಬಿಕೆ ಅವನನ್ನು ಎದುರು ಕೂರಿಸಿಕೊಂಡು ತಿಂಗಳುಗಟ್ಟಲೆ ಮಾತಾಡಿಸಿದಳು. ಹಿಂದಿನ ವರ್ಷ ಇದೇ ಕಟ್ಟೆಯ ಮೇಲೆ ಹಿರಿಯ ವಿದ್ಯಾರ್ಥಿನಿ ಶಾಹೀನಾ ತನಗೆ ಕೇಳುತ್ತಿದ್ದ ಪ್ರಶ್ನೆಗಳನ್ನೇ ಅವನಿಗೂ ಕೇಳಿದಳು. ಶಾಹೀನಾ ಓದು ಮುಗಿಸಿ ಹೋಗಿದ್ದಳು. ಅವಳಿಗೊಂದು ಫೋನ್ ಮಾಡಬೇಕು ಎಂದು ನೀಲಾಂಬಿಕೆ ಅಂದುಕೊಂಡದ್ದು ಹಾಗೆಯೇ ಉಳಿದಿತ್ತು.

ಕೊಟ್ರೇಶ ಕಲಿತ, ಚೆನ್ನಾಗಿಯೇ ಕಲಿತ. ಕಳೆದ ವಾರ ಟ್ರ್ಯಾಕ್ಟರ್ ತಯಾರಿಸುವ ಕಂಪನಿಯೊಂದು ಬಂತು. ಕೊನೆಯ ಸುತ್ತಿನಲ್ಲಿ ಉಳಿದವರು ಇವರಿಬ್ಬರೇ. ಇದ್ದದ್ದು ಒಂದೇ ಹುದ್ದೆ. ಅದು ಕೊಟ್ರೇಶನಿಗೆ ಸಿಕ್ಕಿತು.

ಅವನು ಪೇಡೆಯ ಡಬ್ಬಿ ಹಿಡಿದುಕೊಂಡು ಮೊದಲು ಬಂದದ್ದು ಅವಳ ಹತ್ತಿರವೇ. ಅವಳು ಅರ್ಧ ತಿಂದಳು, ಚೆನ್ನಾಗಿದೆ ಎಂದಳು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಸಿಟ್ಟು ಬಂದದ್ದು ಅವನ ಮೇಲಲ್ಲ, ತನ್ನ ಮೇಲೆ. ಈಗ ನೋಡಿದರೆ ನಾಳೆ ಇನ್ನೊಂದು ಕಂಪನಿ ಬರುವುದಿತ್ತು. ಕಟ್ಟೆಯ ಮೇಲೆ ಆರೇಳು ಜನ ಅವಳ ದಾರಿ ಕಾಯುತ್ತಿದ್ದರು. ಅವರೆಲ್ಲ ನಾಳೆ ಅದೇ ಹುದ್ದೆಗೆ ಅವಳ ಎದುರು ಕೂರುವವರು. ಕಟ್ಟೆಗೆ ಹೋಗುವುದೋ, ಸೀದಾ ಹಾಸ್ಟೆಲಿಗೆ ಹೋಗಿ ಕದ ಹಾಕಿಕೊಂಡು ತಾನೊಬ್ಬಳೇ ತಯಾರಾಗುವುದೋ ಎಂಬುದು ಅವಳಿಗೆ ಬಗೆಹರಿದಿರಲಿಲ್ಲ. ಇದನ್ನೆಲ್ಲ ಮೇಷ್ಟ್ರ ಮುಂದೆ ಹೇಳಿಕೊಂಡಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕತೆ ಬರುವ ಸೂಚನೆ ಅದು. ನೀಲಾಂಬಿಕೆ ಕುರ್ಚಿ ಎಳೆದುಕೊಂಡು ಕೂತಳು.

ಒಂದೂರಿನಲ್ಲಿ ಮೊಸರು ಮಾರುವವಳೊಬ್ಬಳಿದ್ದಳು. ಅವಳ ಮೊಸರಿಗೆ ಒಳ್ಳೆಯ ಹೆಸರಿತ್ತು. ಗಡಿಗೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿ, ಹುಳಿ ಹೆಚ್ಚಿಲ್ಲ. ಸಂತೆಯಲ್ಲಿ ಅವಳ ಗಡಿಗೆ ಖಾಲಿಯಾದ ಮೇಲೆಯೇ ಉಳಿದವರಿಗೆ ವ್ಯಾಪಾರ.

ಅವಳ ಬೀದಿಗೆ ಹೊಸದಾಗಿ ಒಂದು ಸಂಸಾರ ಬಂತು. ಆ ಮನೆಯಲ್ಲಿ ಒಂದು ಎಮ್ಮೆಯಿತ್ತು. ಒಂದು ಸಂಜೆ ಆ ಹೊಸಬಳು ಬಟ್ಟಲು ಹಿಡಿದು ಬಂದು, “ಅಕ್ಕಾ, ಒಂಚೂರು ಹೆಪ್ಪು ಕೊಡ್ರಿ” ಎಂದಳು. ಹಾಲು ಕಾಯಿಸಿಟ್ಟು ಬಂದವರಿಗೆ ಹೆಪ್ಪು ಇಲ್ಲ ಎನ್ನುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಅದಕ್ಕೆ ಬೆಲೆ ಕಟ್ಟುವವರೂ ಇರಲಿಲ್ಲ. ಮೊಸರಿನವಳು ಒಂದು ಚಮಚ ಮೊಸರು ಹಾಕಿಕೊಟ್ಟಳು. ಹಾಲು ಎಷ್ಟು ಬೆಚ್ಚಗಿರುವಾಗ ಹೆಪ್ಪು ಹಾಕಬೇಕು ಎಂಬುದನ್ನೂ ಹೇಳಿಕೊಟ್ಟಳು.

ಹೊಸಬಳ ಕೈಯಲ್ಲೂ ಮೊಸರು ಚೆನ್ನಾಗಿ ಬಂತು. ಕೆಲವು ತಿಂಗಳು ಕಳೆದ ಮೇಲೆ ಅವಳೂ ಸಂತೆಯಲ್ಲಿ ಗಡಿಗೆ ಇಟ್ಟುಕೊಂಡು ಕೂತಳು. ಅಷ್ಟರಲ್ಲಿ ಊರ ಸಾಹುಕಾರನ ಮನೆಯಲ್ಲಿ ಮದುವೆ ಬಂತು. ಯಾವಾಗಲೂ ಮೊಸರಿನವಳಿಗೆ ಹೇಳಿ ಕಳಿಸುತ್ತಿದ್ದವರು ಈ ಸಲ ಹೊಸಬಳಿಗೆ ಹೇಳಿ ಕಳಿಸಿದರು.

ತಾನು ಕೊಟ್ಟ ಆ ಒಂದು ಚಮಚವೇ ತನ್ನ ಅನ್ನಕ್ಕೆ ಕಲ್ಲು ಹಾಕಿತು ಎಂದು ಮೊಸರಿನವಳು ತೀರ್ಮಾನಿಸಿದಳು. ಅಂದಿನಿಂದ ಯಾರು ಬಟ್ಟಲು ಹಿಡಿದು ಬಂದರೂ, “ಇವತ್ತು ಖಾಲಿ ಆಗೇತಿ” ಎಂದು ಬಾಗಿಲಿನಿಂದಲೇ ಕಳಿಸತೊಡಗಿದಳು. ಒಳಗೆ ಗಡಿಗೆ ತುಂಬಿರುತ್ತಿತ್ತು. ಬೀದಿಯವರು ನಾಲ್ಕು ದಿನ ಬಂದು ನೋಡಿದರು. ಆಮೇಲೆ ಹೊಸಬಳ ಮನೆಯ ದಾರಿ ಹಿಡಿದರು.

ಬೇಸಿಗೆಯ ಒಂದು ಮಧ್ಯಾಹ್ನ ಬೆಕ್ಕು ಮೇಲೆ ತೂಗುಹಾಕಿದ್ದ ನೆಲುವಿಗೆ ಹಾರಿ ಗಡಿಗೆಯನ್ನು ಕೆಡವಿತು. ಮೊಸರಿನವಳು ಓಡಿ ಬರುವಷ್ಟರಲ್ಲಿ ಗಡಿಗೆ ಚೂರಾಗಿತ್ತು, ಮೊಸರು ಮಣ್ಣು ಪಾಲಾಗಿತ್ತು, ಬೆಕ್ಕು ಮೂಲೆಯಲ್ಲಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಹೆಪ್ಪಿಗೆಂದು ಮನೆಯಲ್ಲಿ ಒಂದು ತೊಟ್ಟು ಮೊಸರೂ ಉಳಿಯಲಿಲ್ಲ.

ಸಂಜೆಯ ಹಾಲಿಗೆ ನಿಂಬೆರಸ ಹಿಂಡಿದಳು. ಹಾಲು ಒಡೆಯಿತು. ಮರುದಿನ ಮೆಣಸಿನಕಾಯಿಯ ತೊಟ್ಟು ಹಾಕಿಟ್ಟಳು. ನೀರು ನೀರಾಗಿ ಏನೋ ಒಂದು ಆಯಿತು, ಮೊಸರಾಗಲಿಲ್ಲ. ಪಕ್ಕದ ಊರಿನಿಂದ ಮೊಸರು ಕೊಂಡು ತಂದು ಹೆಪ್ಪು ಹಾಕಿದಳು. ಅದೇನೋ ಗಟ್ಟಿಯಾಯಿತು, ಆದರೆ ಬಾಯಿಗಿಡಲಾರದಷ್ಟು ಹುಳಿ. ಗಿರಾಕಿಗಳು ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, ಮುಖ ಸಿಂಡರಿಸಿ ಮುಂದೆ ಹೋದರು. ತನ್ನ ಬೀದಿಯಲ್ಲಿ ಕೇಳೋಣವೆಂದರೆ ಯಾವ ಮನೆಯ ಬಾಗಿಲಿಗೂ ಹೋಗುವಂತಿರಲಿಲ್ಲ. ಎಲ್ಲರಿಗೂ ಇಲ್ಲ ಎಂದವಳು ಅವಳೇ.

ಕೊನೆಗೆ ಬಟ್ಟಲನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಹೊಸಬಳ ಬಾಗಿಲಿಗೇ ಹೋಗಿ ನಿಂತಳು. ಹೊಸಬಳು ಸೆರಗಿನಿಂದ ಇಣುಕುತ್ತಿದ್ದ ಬಟ್ಟಲನ್ನು ನೋಡಿದಳು. ಏನೂ ಕೇಳದೆ ಅದನ್ನು ಇಸಿದುಕೊಂಡು ಒಳಗೆ ಹೋಗಿ ತುಂಬ ಮೊಸರು ಹಾಕಿಕೊಂಡು ಬಂದಳು.

“ಇಷ್ಟು ಬ್ಯಾಡ ತಂಗಿ, ಒಂದು ಚಮಚ ಸಾಕು,” ಎಂದಳು ಮೊಸರಿನವಳು.

“ತಗೊಳ್ರಿ ಅಕ್ಕಾ. ನಿಮ್ಮನಿ ಮೊಸರೇ ಅಲ್ಲೇನು?”

ಮರುದಿನ ಬೆಳಿಗ್ಗೆ ಅವಳು ಹೊಸ ಗಡಿಗೆಯ ಮುಚ್ಚಳ ತೆಗೆದು ರುಚಿ ನೋಡಿದಳು. ಅದೇ ಗಟ್ಟಿ, ಅದೇ ರುಚಿ. ಬೇರೆ ಮನೆಯಲ್ಲಿ ಇಷ್ಟು ಕಾಲ ಇದ್ದು ಬಂದರೂ ಒಂದಿಷ್ಟೂ ಕೆಟ್ಟಿರಲಿಲ್ಲ. ಒಲೆಯ ಮುಂದೆ ಕೂತು ಒಬ್ಬಳೇ ಅತ್ತಳು, ಆಮೇಲೆ ನಗುವೂ ಬಂತು. ಆ ವಾರದ ಸಂತೆಯಲ್ಲಿ ಅವಳು ಹೊಸಬಳ ಪಕ್ಕದಲ್ಲಿಯೇ ಗಡಿಗೆ ಇಟ್ಟುಕೊಂಡು ಕೂತಳು.

ಮೇಷ್ಟ್ರು ಕನ್ನಡಕವನ್ನು ತಿರುಗಿ ಹಾಕಿಕೊಂಡರು. ಕತೆ ಮುಗಿಯಿತೆಂದು ಅರ್ಥ.

ನೀಲಾಂಬಿಕೆಯ ಮನಸ್ಸು ಹಗುರಾಯಿತು. ಒಂದು ವಾರದಿಂದ ಎದೆಯ ಮೇಲಿದ್ದ ಭಾರ ಇಳಿದದ್ದು ಅವಳಿಗೇ ಗೊತ್ತಾಯಿತು. ಆದರೂ ಓದುತ್ತಿದ್ದದ್ದು ಎಂಬಿಎ ಅಲ್ಲವೇ? ಲಾಭ ಎಷ್ಟೆಂದು ನೋಡದೆ ಎದ್ದು ಹೋಗಲು ಆಗಲಿಲ್ಲ.

“ಅಂದರೆ ಸರ್, ಇವತ್ತು ನಾನು ಅವರಿಗೆ ಕೊಟ್ಟರೆ, ನನ್ನ ಗಡಿಗೆ ಒಡೆದ ದಿನ ಅವರು ನನಗೆ ಕೊಡ್ತಾರೆ. ಒಳ್ಳೇ ಹೂಡಿಕೆನೇ ಆಯ್ತು. ಸರಿ ಸರ್, ಕಟ್ಟೆಗೆ ಹೋಗ್ತೀನಿ.”

“ಹೋಗಮ್ಮ, ಹೋಗು,” ಮೇಷ್ಟ್ರು ನಕ್ಕರು. “ಅಷ್ಟಾದರೂ ಲೆಕ್ಕ ಹಾಕದಿದ್ದರೆ ನಮ್ಮ ವಿಭಾಗದ ಮರ್ಯಾದೆ ಏನಾಗಬೇಕು?”

ಅವಳೂ ನಕ್ಕಳು. ಕಿಟಕಿಯಿಂದ ಕಟ್ಟೆಯ ಮಾತು ಕೇಳಿಸುತ್ತಿತ್ತು. ಯಾರೋ ಇಂಗ್ಲಿಷಿನಲ್ಲಿ ತಮ್ಮ ಊರಿನ ಬಗ್ಗೆ ಹೇಳಲು ಹೊರಟು ನಡುವೆ ಸಿಕ್ಕಿಕೊಂಡಿದ್ದರು. ಯಾರೂ ನಗಲಿಲ್ಲ. ಮತ್ತೆ ಮೊದಲಿನಿಂದ ಶುರುವಾಯಿತು. ನೀಲಾಂಬಿಕೆ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದಳು.

“ಅಲ್ಲಮ್ಮ,” ಎಂದು ಮೇಷ್ಟ್ರು ಕೂತಲ್ಲಿಂದಲೇ ಕೇಳಿದರು, “ಶಾಹೀನಾ ನಿನಗೆ ಹೆಪ್ಪು ಕೊಟ್ಟಾಗ ಯಾವ ಲೆಕ್ಕ ಹಾಕಿದ್ದಳು?”

ನೀಲಾಂಬಿಕೆ ಬಾಗಿಲಲ್ಲೇ ನಿಂತು ಫೋನ್ ತೆಗೆದು ಶಾಹೀನಾಳ ನಂಬರ್ ಹುಡುಕಿದಳು, ಅದನ್ನು ಕಿವಿಗಿಟ್ಟುಕೊಂಡೇ ಕಟ್ಟೆಯ ಕಡೆ ನಡೆದಳು.